ಬ್ಯಾಟರಿಯ ಮೀಸಲು

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ನಮ್ಮ ವಸತಿ ಸಮುಚ್ಚಯದ ಬಂಧುಗಳೇ, ಸಭಿಕರೇ,

ಹಿರಿಯ ನಿವಾಸಿಯೆಂದು ನನಗೆ ಶಾಲು ಹೊದಿಸಿದ್ದೀರಿ. ಮಾತಿಗೆ ಮೊದಲು ಒಂದು ತಿದ್ದುಪಡಿ. ಕಾರ್ಯದರ್ಶಿ ಗಿರಿರಾಜ್ ಅವರು ಈಗತಾನೆ ಓದಿದ ವರದಿಯಲ್ಲಿ, ನನ್ನ ಪತ್ನಿ ಅನಂತಲಕ್ಷ್ಮಿ ವಯೋಸಹಜವಾಗಿ ನಿಧನರಾದರು ಎಂದಿದೆ. ಅದು ತಪ್ಪು. ಆಕೆ ವಿದ್ಯುತ್ತಿಲ್ಲದೆ ತೀರಿಕೊಂಡರು.

ಮೊಬೈಲಿದ್ದರೆ ಬಡ ದೇಶಗಳೂ ಬಿಸಿಲಿನ ವಿದ್ಯುತ್ತನ್ನು ಆಳಬಹುದು ಎಂದರು ಅತಿಥಿಗಳು. ನಿಜ. ಆದರೆ ಆ ಮೊಬೈಲು ಯಾರ ಕೈಯಲ್ಲಿರಬೇಕು? ನಮ್ಮ ಚಾವಣಿಯ ಸೋಲಾರ್ ವಿದ್ಯುತ್ತಿನಲ್ಲಿ ಎಷ್ಟನ್ನು ಹೊರಗಿನ ವಿದ್ಯುತ್ ಜಾಲಕ್ಕೆ ಕೊಡುವುದು, ಕರೆಂಟು ಹೋದಾಗಿನ ಬಳಕೆಗೆ ಬ್ಯಾಟರಿಯಲ್ಲಿ ಎಷ್ಟನ್ನು ಮೀಸಲಿಡುವುದು, ಎರಡೂ ನಿರ್ಧಾರವಾಗುವುದು ಗಿರಿರಾಜ್ ಅವರ ಮೊಬೈಲಿನ ಆಪ್‌ನಲ್ಲಿ. ಹೆಚ್ಚು ಹೊರಗೆ ಕೊಟ್ಟ ಕಟ್ಟಡಕ್ಕೆ ಆಪ್‌ನಲ್ಲಿ ಮೊದಲ ಸ್ಥಾನ. ಬಸವೇಶ್ವರನಗರಕ್ಕೇ ನಾವು ಮೊದಲಿಗರು. ಅದಕ್ಕೇ ಈ ಬಹುಮಾನ, ಈ ಸಮಾರಂಭ. ಹೇಗೆ ಮೊದಲಿಗರಾದೆವು? ಮೀಸಲನ್ನು ಸೊನ್ನೆಗೆ ಇಳಿಸಿ. ಜನರೇಟರನ್ನಂತೂ ಅದಕ್ಕೂ ಮೊದಲೇ ಗುಜರಿಗೆ ಹಾಕಿದ್ದೆವು.

ಗಿರಿರಾಜ್ ಅವರು ನನ್ನ ಶಿಷ್ಯರು. ತರಗತಿಯಲ್ಲಿ ಎರಡನೆಯ ಸ್ಥಾನ ಬಂದರೆ ಊಟ ಬಿಡುತ್ತಿದ್ದ ಹುಡುಗ.

ಅನಂತಲಕ್ಷ್ಮಿಯ ಉಸಿರಾಟಕ್ಕೆಂದು ಮನೆಯಲ್ಲಿಟ್ಟಿದ್ದ, ಕರೆಂಟಿನಿಂದ ನಡೆಯುವ ಆಮ್ಲಜನಕದ ಯಂತ್ರದ ಸದ್ದಿಗೆ ನಾನು ಗೊಣಗಿದರೆ ಆಕೆ, "ನಿಮ್ಮ ಗೊರಕೆಗಿಂತ ವಾಸಿ ಕಣ್ರೀ" ಎನ್ನುತ್ತಿದ್ದರು. ಈಗ ಮನೆ ನಿಶ್ಶಬ್ದವಾಗಿದೆ, ನಿದ್ದೆಯಿಲ್ಲ. ಕ್ಷಮಿಸಿ, ವಿಷಯಾಂತರವಾಯಿತು.

ಆಕೆ ತೀರಿಕೊಂಡ ದಿನ ಸಂಜೆ ಕರೆಂಟು ಹೋಯಿತು, ಯಂತ್ರ ನಿಂತಿತು. ಗಿರಿರಾಜ್ ಅವರಿಗೆ ಫೋನ್ ಮಾಡಿದೆ. "ಐದ್ ನಿಮಿಷ ತಡ್ಕೊಳಿ ಸಾರ್, ಬರುತ್ತೆ. ಸುಮ್ನೆ ಟೆನ್ಷನ್ ಮಾಡ್ಕೋತೀರ" ಎಂದರು. ಈಕೆ ಕಿಟಕಿಯ ಕಡೆ ತಿರುಗಿ, "ಎದುರು ಬಿಲ್ಡಿಂಗ್‌ನಲ್ಲಿ ಲೈಟ್ ಇದೆಯಲ್ರೀ" ಎಂದರು. ಅವರು ಬ್ಯಾಟರಿಯಲ್ಲಿ ಮೀಸಲಿಟ್ಟಿದ್ದರು. ಆಮೇಲೆ ಮಾತಾಡಲಿಲ್ಲ.

ಮೂರನೆಯ ಮಹಡಿಯ ಮುತ್ತವ್ವನವರಿಗೆ ಈಗ ಅಂಥದೇ ಯಂತ್ರ ಬಂದಿದೆ. ಮೀಸಲನ್ನು ಏರಿಸಿ ಎಂದು ಇಂದು ಬೆಳಗ್ಗೆಯೂ ಕೇಳಿದೆ. "ಪ್ರೈಜ್ ಕೈಗೆ ಬರ್ಲಿ ಸಾರ್, ನಾಳೆ ಮಾಡ್ತೀನಿ. ಇವತ್ತು ಏರಿಸಿದ್ರೆ ರ‍್ಯಾಂಕ್ ಬಿದ್ದೋಗುತ್ತೆ" ಎಂದರು. ಸಭಿಕರೇ, ನಾಳೆಯವರೆಗೆ ಉಸಿರಾಡದಿರಿ ಎಂದು ಆಕೆಗೆ ಯಾರು ಹೇಳುವುದು?

ಗಿರಿರಾಜ್, ಮೊಬೈಲು ನಿನ್ನ ಜೇಬಿನಲ್ಲೇ ಇದೆ. ಈಗಲೇ ಮಾಡಪ್ಪ. ನಾನು ಕಾಯುತ್ತೇನೆ.

ಅಧ್ಯಕ್ಷರು ಗಂಟೆ ಬಾರಿಸುತ್ತಿದ್ದಾರೆ. ಗಿರಿರಾಜ್ ಇನ್ನೂ ಜೇಬಿಗೆ ಕೈ ಹಾಕಿಲ್ಲ. ಇಷ್ಟು ಹೊತ್ತು ಕೇಳಿದಿರಿ, ಕೃತಜ್ಞನಾಗಿದ್ದೇನೆ. ಊಟಕ್ಕೆ ನನ್ನನ್ನು ಕಾಯಬೇಡಿ. ಮುತ್ತವ್ವನವರ ಪಕ್ಕದಲ್ಲಿ ಯಾರಾದರೊಬ್ಬರು ಕುಳಿತಿರಬೇಕು. ನಾನು ಮೇಲೆ ಹೋಗುತ್ತೇನೆ. ನಮಸ್ಕಾರ.

೧೬ ನವೆಂಬರ್ ೨೦೨೫, ಭಾನುವಾರ, ಸಂಜೆ ಆರು ಗಂಟೆ ಇಪ್ಪತ್ತು ನಿಮಿಷ.