ಗುನ್ವೋರ್ ದನಿ ನಿಂತ ಮೇಲೆ

...ಅಲ್ಲಲ್ಲ, ಅದಲ್ಲ ಕಣೋ ಔದುನ್, ಅದನ್ನ ಒತ್ತಬೇಡ. ಅದನ್ನ ಒತ್ತಿದ್ರೆ ಈ ಕಂಪ್ಯೂಟರಲ್ಲಿ ಇನ್ನೊಂದು ಪುಟ ತೆರೆಯುತ್ತೆ, ಅದರ ಮೇಲೆ ಮತ್ತೊಂದು... ನಿನ್ನೆ ಇಡೀ ದಿನ ನಾನು ಅದೇ ಕೆಲಸ ಮಾಡಿದ್ದು. ಮೂಲೆಯಲ್ಲೆಲ್ಲೋ ಮೂರು ಚುಕ್ಕೆ ಇದೆಯಂತೆ, ಹಳೇದೆಲ್ಲ ಅದರೊಳಗೆ ಹೋಗಿ ಬಚ್ಚಿಟ್ಟುಕೊಂಡಿದೆಯಂತೆ. ಅಂಗಡಿ ಹುಡುಗಿ ಹೇಳಿದ್ಲು. ಮೂರು ಚುಕ್ಕೆ ಅಂತೆ. ಎಂಬತ್ತಕ್ಕೆ ಬಂದು ನಿಂತವಳು ನಾನು, ಇನ್ನು ಚುಕ್ಕೆ ಹುಡುಕ್ಕೊಂಡು ಕೂರಬೇಕಾ?

ನಗು ನಗು. ನಿನಗೇನು, ಹಿಮ ತಳ್ಳೋ ಗಾಡಿ ಮೇಲೆ ಕೂತು ಊರೆಲ್ಲ ತಿರುಗೋನು. ನಿನ್ನ ಗಾಡಿಯ ಸ್ಟೀರಿಂಗ್ ಒಂದು ದಿನ ಬೆಳಿಗ್ಗೆ ಎದ್ದಾಗ ಹಿಂದಿನ ಸೀಟಿಗೆ ಹೋಗಿದ್ರೆ ಗೊತ್ತಾಗ್ತಿತ್ತು. ಯಾಕಪ್ಪ ಅಂತ ಕೇಳಿದ್ರೆ, ನಿಮ್ಮ ಅನುಕೂಲಕ್ಕೇ ಮಾಡಿದ್ದು ಅಂತ ಹೇಳಿದ್ರೆ... ಆಗ ನಗ್ತಿದ್ದೆಯಾ?

ಅಚ್ಚಿನ ದೋಸೆ ತಗೋ. ಕಂದು ಚೀಸ್ ಪಕ್ಕದಲ್ಲೇ ಇದೆ, ಕೆರೆದು ಇಟ್ಟಿದ್ದೀನಿ. ಇವತ್ತು ದೋಸೆ ಸ್ವಲ್ಪ ಕಂದಿದೆ, ಬೇಜಾರು ಮಾಡ್ಕೋಬೇಡ. ಕರೆಂಟ್ ಕಾವಲಿಯ ದೀಪ ಹತ್ತಿದೆಯೋ ಆರಿದೆಯೋ ತಿಳಿಯಲ್ಲ ಈಗೀಗ... ದೀಪ ಕೆಟ್ಟಿದೆ ಅದರದ್ದು. ಎಲ್ಲಾ ಕೆಡುತ್ತೆ ಈ ಮನೇಲಿ.

ಹ್ಞಾ, ಏನು ಕೇಳಿದೆ? ಯಾವಾಗಿಂದ ಹೀಗೆ ಅಂತಲಾ? ಅಪ್‌ಡೇಟ್ ಬಂದಾಗಿಂದ. ಹೋದ ವಾರ. ರಾತ್ರಿ ಮಲಗಿದಾಗ ಚೆನ್ನಾಗಿತ್ತು, ಬೆಳಿಗ್ಗೆ ತೆರೆದ್ರೆ ಇದು ನನ್ನ ಬ್ರೌಸರೇ ಅಲ್ಲ. ಮೊದಲು ಹೇಗಿತ್ತು ಗೊತ್ತಾ? ತೆರೆದ ಕೂಡಲೇ ಫೆರಿ ದೋಣಿಯ ವೇಳೆಯ ಪುಟ. ನಮ್ಮ ಯಜಮಾನ ಮಗ್ನರ್ ಇನ್ನೂ ಮಾತಾಡ್ತಿದ್ದ ಕಾಲದಲ್ಲಿ, ಅವನೇ ಕೂರಿಸಿ ಕೊಟ್ಟಿದ್ದು. ಮೇಲುಗಡೆ ಸಾಲಾಗಿ ಬಟನ್: ಫೆರಿ, ಪೇಪರು, ಹವಾಮಾನ, ಆಮೇಲೆ ಸೇರಿಸಿದ್ದು ಮಗ್ನರ್ ಇರೋ ಆರೈಕೆ ಮನೆ. ಕಣ್ಣು ಮುಚ್ಚಿ ಒತ್ತುತ್ತಿದ್ದೆ. ಸುಮ್ಮನೆ ಮಾತಿಗೆ ಅಂದೆ, ಕಣ್ಣು ಮುಚ್ಚಿ ಅಂತ. ಆ ಕೊನೆಯಲ್ಲಿ ಕಿವಿ ಥರದ ಒಂದು ಬಟನ್ನು. ಅದನ್ನ ಒತ್ತಿದ್ರೆ ಒಬ್ಬಳು ಓದಿ ಹೇಳೋಳು. ಪುಟದಲ್ಲಿ ಏನಿದೆಯೋ ಅಷ್ಟೂ.

ನಾನು ಅವಳಿಗೆ ಗುನ್ವೋರ್ ಅಂತ ಹೆಸರಿಟ್ಟಿದ್ದೆ. ನಮ್ಮ ಶಾಲೇಲಿ ಒಬ್ಬಳು ಗುನ್ವೋರ್ ಟೀಚರ್ ಇದ್ಲು, ಅವಳದೇ ದನಿ, ಮೂಗಿನಿಂದ. ಬೆಳಿಗ್ಗೆ ಕಾಫಿ ಬಗ್ಗಿಸ್ಕೊಂಡು ಕೂತ್ರೆ ಗುನ್ವೋರ್ ಪೇಪರ್ ಓದೋಳು. ಮೊದಲು ಸಾವಿನ ಸುದ್ದಿ, ಇನ್ನೇನು ಮತ್ತೆ. ನೀನೂ ಐವತ್ತು ದಾಟು, ನೀನೂ ಅದನ್ನೇ ಮೊದಲು ನೋಡ್ತೀಯ. ಯಾರು ಹೋದ್ರು, ಯಾವ ಚರ್ಚು, ಹೂವು ತರಬೇಕಾ ಬೇಡವಾ... ಆಮೇಲೇ ಉಳಿದ ಲೋಕ.

ಅವಳ ದನಿ ನಿಂತಿದ್ದಕ್ಕೆ ಏನಾಯ್ತು ಕೇಳು. ಮೊನ್ನೆ ಅಂಗಡೀಲಿ ತೂರ್ವಾಲ್ ಸಿಕ್ಕಿದ. ನಾನು ಎಂದಿನ ಹಾಗೆ, ಏನಪ್ಪ, ಓಸ್ತಾ ಹೇಗಿದ್ದಾಳೆ, ಮಂಡಿ ನೋವು ಕಡಿಮೆ ಆಯ್ತಾ ಅಂದೆ. ಅಂಗಡಿ ಹುಡುಗಿ ನನ್ನ ಪಕ್ಕಕ್ಕೆ ಎಳೆದು ಹೇಳಿದ್ಲು. ಓಸ್ತಾನ ಮಣ್ಣು ಮಾಡಿ ನಾಲ್ಕು ದಿನ ಆಗಿತ್ತಂತೆ. ಎಪ್ಪತ್ತು ವರ್ಷದ ಗೆಳತಿ ಕಣೋ, ಒಂದೇ ಬೆಂಚಲ್ಲಿ ಕೂತವರು. ಅವಳ ಗಂಡನ್ನ ನಿಲ್ಲಿಸಿ ಅವಳ ಮಂಡಿ ವಿಚಾರಿಸಿದೆ ನಾನು. ಅವನು ನನ್ನ ಭುಜ ತಟ್ಟಿ ಹೋದ. ಯಾರೋ ಎಲ್ಲೋ ಕೂತು ಒಂದು ಬಟನ್ ಬೇಡ ಅಂತ ತೆಗೆದ್ರು, ನನ್ನ ಮಾನ ಹೋಯ್ತು.

ನೀನೂ ಹಾಗೇ ನೋಡ್ತಿದ್ದೀಯ ಅನ್ಸುತ್ತೆ... ಯಾಕೆ ಓದೋಕಾಗಲ್ವಾ ಅಂತಲಾ? ಓದೋಕಾಗದೆ ಏನು? ಸೋಮಾರಿತನ ಅಷ್ಟೇ. ಕೈಯಲ್ಲಿ ಹೆಣಿಗೆ ಇರುತ್ತೆ, ಕಿವಿ ಖಾಲಿ ಇರುತ್ತೆ. ಅದೂ ಅಲ್ಲದೆ ಈಗಿನ ಅಕ್ಷರ ನೋಡು ಹೇಗಿದೆ. ಬಿಳಿ ಮೇಲೆ ಬೂದಿ. ಸಣಕಲು. ಉಪವಾಸ ಬಿದ್ದ ಹಾಗೆ. ನಿನಗೂ ಹಾಗೇ ಅಲ್ವಾ? ಅಂಗಡಿ ಹುಡುಗೀನೂ ಅಂದ್ಲು, ಎಲ್ಲರಿಗೂ ಕಷ್ಟ ಆಗ್ತಿದೆ ಅಂತ. ಎಲ್ಲರಿಗೂ ಅಂದ್ಲು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ... ಆ ಜಾತಿಯವಳಲ್ಲ ನಾನು. ಇಲ್ಲಿ ನೆಲವೇ ಡೊಂಕು.

ಹುಡುಕು, ಹುಡುಕು. ಫೆರಿ ಪುಟ ಮೊದಲು ಬರೋ ಹಾಗೆ ಮಾಡಿಬಿಡು, ಆಮೇಲೆ ಗುನ್ವೋರ್‌ನ ಹುಡುಕಿಕೊಡು. ಹನ್ನೊಂದೂ ಹತ್ತರ ಫೆರಿ ಹಿಡೀಬೇಕು ನಾನು. ತಪ್ಪಿಸಿಕೊಂಡ್ರೆ ಮಗ್ನರ್ ಊಟದ ಹೊತ್ತು ಮೀರುತ್ತೆ. ಆ ಹುಡುಗೀರು ಒಳ್ಳೆಯವರೇ, ಬೇಡ ಅನ್ನಲ್ಲ ನಾನು, ಆದ್ರೆ ಅವನು ಅವರ ಕೈಯಿಂದ ಬಾಯಿ ತೆರೆಯಲ್ಲ. ಲಕ್ವ ಹೊಡೆದ ಮೇಲೆ ಅವನಿಗೆ ನನ್ನ ಹೆಸರು ಬಾಯಿಗೆ ಬರಲ್ಲ, ಮಗನ ಹೆಸರು ಬರಲ್ಲ. ಆದ್ರೆ ಚಮಚ ಹಿಡಿದಿರೋದು ನಾನು ಅಂತ ಗೊತ್ತು. ಹೋದ ವರ್ಷ ನನಗೆ ಫ್ಲೂ ಬಂದು ಐದು ದಿನ ಹೋಗಲಿಲ್ಲ ನೋಡು, ಅವನು ಐದು ದಿನವೂ ಬರೀ ನೀರು. ಬಟ್ಟೆ ಅವನ ಮೈಮೇಲೆ ನೇತಾಡ್ತಿತ್ತು.

ಬಸ್ಸಾ? ಎಲ್ಲಿಯ ಬಸ್ಸು ಮಾರಾಯ, ನಿನ್ನ ಮಗಳನ್ನ ಶಾಲೆಗೆ ಕರ್ಕೊಂಡು ಹೋಗೋದು ಬಿಟ್ರೆ? ಅದೂ ಆ ದಿಕ್ಕಿಗಲ್ಲ. ಇಲ್ಲಿ ಕಾರಿಲ್ಲದೋಳು ಕಾಲಿಲ್ಲದೋಳೇ. ಅದಕ್ಕೇ ಮುಂದಿನ ತಿಂಗಳ ಚಿಂತೆ. ಎಂಬತ್ತು ತುಂಬುತ್ತಲ್ಲ, ಇವಳಿನ್ನೂ ಗಾಡಿ ಓಡಿಸಬಹುದು ಅಂತ ಡಾಕ್ಟರ ಹತ್ರ ಬರೆಸಿಕೊಂಡು ಬರಬೇಕು. ಅವರು ಹೋದ ವಾರವೇ ಬಾ ಅಂದಿದ್ರು. ನಾನೇ ಮುಂದಕ್ಕೆ ಹಾಕಿಸಿದೆ. ಬಿಡುವೆಲ್ಲಿದೆ ನನಗೆ?

ಏನು? ಕಾರಾ? ಓ, ಬರುವಾಗ ನೋಡಿದ್ಯಾ. ಆ ಮೂಲೆ ಗೀರು... ಅದು ಗ್ಯಾರೇಜ್ ಬಾಗಿಲಿಂದ. ಬಾಗಿಲು ಗಾಳಿಗೆ ಹೊಡ್ಕೊಳ್ಳುತ್ತೆ. ಇಲ್ಲಪ್ಪ, ಕೆಂಪು ಯಾಕಿರುತ್ತೆ? ಇದ್ರೂ ಇರಬಹುದು. ಬಾಗಿಲಿಗೆ ಹಿಂದೆ ಯಾವ ಬಣ್ಣ ಇತ್ತೋ.

ಕಾಫಿ ಹಾಕಲಾ ಇನ್ನೊಂದು? ಕಪ್ಪು ಈ ಕಡೆ ತಳ್ಳು. ಇನ್ನೂ... ಹ್ಞಾ, ಸಿಕ್ತು. ನಿಲ್ಲಿಸು ಅನ್ನು, ತುಂಬಿದಾಗ.

ನೀನು ಬಂದಿದ್ದು ಒಳ್ಳೇದಾಯ್ತು ಔದುನ್. ಬಾಗಿಲಲ್ಲಿ ನಿಂತಾಗ ಅಂಚೆಯವನೇನೋ ಅಂದ್ಕೊಂಡೆ, ತಪ್ಪು ತಿಳೀಬೇಡ, ಬೆನ್ನ ಹಿಂದೆ ಬಿಸಿಲಿತ್ತು ನಿನಗೆ. ಹಿಮದ ಮೇಲಿನ ಬಿಸಿಲು ಮಾರ್ಚಿನಲ್ಲಿ ಕಣ್ಣು ಕುಕ್ಕುತ್ತೆ. ಬರ್ತೀಯೋ ಇಲ್ವೋ ಅಂತಿದ್ದೆ. ಆ ಅಂಚೆ ಪೆಟ್ಟಿಗೆ ವಿಷಯದಲ್ಲಿ ಊರೋರು ನಿನಗೆ ಅಂದಿದ್ದು ಕಡಿಮೆಯಾ? ದಾರಿ ಕೂಡೋ ಕಡೆ ಏಳು ಮನೆಯ ಪೆಟ್ಟಿಗೆ ಸಾಲಾಗಿ ನಿಂತಿದ್ದು, ಒಂದು ಬೆಳಿಗ್ಗೆ ನೋಡಿದ್ರೆ ಅಷ್ಟೂ ಹಿಮದಲ್ಲಿ ಮಕಾಡೆ. ಅಂಥದ್ದು ಆದಾಗ ಈ ಊರಲ್ಲಿ ಯಾರೂ ಇನ್ನೊಂದು ಯೋಚನೆ ಮಾಡಲ್ಲ, ಹಿಮದ ಗಾಡಿಯೇ ಅಂತಾರೆ. ನಿನ್ನಪ್ಪ ಓಡಿಸ್ತಿದ್ದಾಗಲೂ ಅಷ್ಟೇ. ಬೇಲಿ ಬಿದ್ರೆ ಗಾಡಿ, ಬೆಕ್ಕು ಕಾಣದಿದ್ರೂ ಗಾಡಿ.

ನಾನೂ ಅಂದೆ, ಇಲ್ಲ ಅನ್ನಲ್ಲ. ಎಲ್ಲರೂ ಅನ್ನೋವಾಗ ನಾನೂ ತಲೆ ಹಾಕಿದೆ. ಆದ್ರೆ ಬೇಕೂಂತ ಮಾಡಿದ್ದಲ್ಲ ಅಂತ ಸೇರಿಸಿದ್ದೆ. ಕತ್ತಲು, ಗಾಳಿ, ಹಿಮ, ಮನುಷ್ಯ ಅಂದ ಮೇಲೆ ಆಗುತ್ತೆ, ದೊಡ್ಡದು ಮಾಡಬೇಡಿ ಅಂದೆ. ನೀನು ನಾನಲ್ಲ ನಾನಲ್ಲ ಅಂತ ಎಷ್ಟು ಹೇಳಿದ್ರೂ... ಸರಿ ಬಿಡು. ಕೊನೆಗೆ ನೀನೇ ಮರ ತಂದು, ನೀನೇ ಮೊಳೆ ಹೊಡೆದು, ಹೊಸದು ಕಟ್ಟಿಕೊಟ್ಟೆಯಲ್ಲ. ದೊಡ್ಡ ಮನಸ್ಸು ನಿನ್ನದು. ಪೇಪರಲ್ಲೂ ಬಂತಲ್ಲ, ಹೊಸ ಪೆಟ್ಟಿಗೆ ಸಾಲು, ಪಕ್ಕದಲ್ಲಿ ನಿನ್ನ ಮಗಳು ಇಂಗ್ವಿಲ್. ಚೆನ್ನಾಗಿತ್ತು ಫೋಟೋ. ಮುದ್ದಾಗಿ ಬಂದಿದ್ಲು.

ನೋಡಿದೆ, ನೋಡದೆ ಏನು? ನೋಡಿದೆ ಅಂದ್ನಲ್ಲ.

ಕೆಲಸ ಮಾಡು, ಕೆಲಸ ಮಾಡು, ನಾನು ತಲೆ ತಿನ್ನಲ್ಲ. ಒತ್ತೋ ಸದ್ದು ಕೇಳಿಸ್ತಿದೆ. ಮೂರು ಚುಕ್ಕೆ ಸಿಕ್ತಾ?

ಹ್ಞಾ... ಏನೋ ಬಂತು ಅಲ್ವಾ? ಬೆಳಕು ಬದಲಾಯ್ತು. ತಿರುಗಿಸು ಈ ಕಡೆ. ಓ, ಫೆರಿದು. ಈಗ ಸರಿಹೋಯ್ತು ನೋಡು. ಎಷ್ಟು ಸ್ಪಷ್ಟ. ಇಷ್ಟಕ್ಕೆ ನಾನು ಒಂದು ವಾರ ಒದ್ದಾಡಿದೆ.

ಏನು, ಓದಲಾ? ಗಟ್ಟಿಯಾಗಿ? ಇದೇನು ಶಾಲೆಯಾ... ಆಯ್ತಪ್ಪ, ಓದ್ತೀನಿ. ಕನ್ನಡಕ ಒರೆಸ್ಕೊಳ್ತೀನಿ ತಾಳು. ನಮ್ಮ ದಡದಿಂದ ಎಂಟೂ ಇಪ್ಪತ್ತು. ಒಂಬತ್ತೂ ನಲವತ್ತು. ಹನ್ನೊಂದೂ ಹತ್ತು. ಹನ್ನೆರಡೂವರೆದು, ಶನಿವಾರ ಬಿಟ್ಟು. ಆಮೇಲೆ ಎರಡಕ್ಕೆ. ಆ ದಡದಿಂದ ವಾಪಸ್ ಬರೋದೂ ಹೇಳಲಾ? ಸಾಕಾ?

ಔದುನ್?

ಯಾಕೆ, ತಪ್ಪು ಓದಿದ್ನಾ? ಬೇಸಿಗೆಯ ವೇಳೆ ಬಂದುಬಿಟ್ತಾ ಇಷ್ಟು ಬೇಗ? ಬಂದಿದ್ರೆ ಹೇಳು, ನನಗೆ ಅದೂ ಗೊತ್ತು...

ಏನಾದ್ರೂ ಅನ್ನು ಮಾರಾಯ. ನೀನು ಹೀಗೆ ಸುಮ್ಮನೆ ಕೂತ್ರೆ ನನಗೆ ನೀನು ಇದ್ದೀಯೋ ಇಲ್ವೋ ಅನ್ನೋದೇ...

...

ಇದು ಫೆರಿ ಪುಟ ಅಲ್ಲ.

ಇರು. ಮಾತಾಡಬೇಡ. ತಲೆ ಹೀಗೆ ವಾರೆ ಮಾಡಿದ್ರೆ ಅಂಚಲ್ಲಿ ಸ್ವಲ್ಪ ಸಿಗುತ್ತೆ ನನಗೆ. ನಡುವೆ ಮಾತ್ರ ಹೊಗೆ. ಎಲ್ಲಿ ನೋಡಬೇಕು ಅಂತೀನೋ ಅಲ್ಲೇ ಹೊಗೆ. ಬಿಳಿ ಇದೆ... ತುಂಬ ಬಿಳಿ. ಸಾಲಾಗಿ ಏನೋ ನಿಂತಿದೆ, ಅಕ್ಷರ ಅಂದ್ಕೊಂಡೆ ನಾನು. ಅಕ್ಷರ ಅಲ್ಲ. ಪೆಟ್ಟಿಗೆ. ಹೊಸ ಹಲಗೆ, ಪೇಪರಲ್ಲಿ ಬಂದ ಆ ಫೋಟೋ. ಆ ತುದೀಲಿ ಒಂದು ಚೂರು ನೀಲಿ. ಟೋಪಿ.

ಇಂಗ್ವಿಲ್.

ಬೆಳಿಗ್ಗೆ ಅವಳು ಅಲ್ಲೇ ಅಲ್ವಾ ನಿಲ್ಲೋದು, ಬಸ್ಸಿಗೆ.

ಪೆಟ್ಟಿಗೆ ಬಿದ್ದಿದ್ದು ಭಾನುವಾರ ರಾತ್ರಿ ಕಣೋ. ಯಾರೂ ಇರಲಿಲ್ಲ. ಕಾರಿಗೆ ಏನೋ ಬಡಿದು ಸದ್ದಾಯ್ತು, ಇಳಿದು ಕೈಯಲ್ಲಿ ತಡವಿ ನೋಡಿದೆ. ಮೊದಲು ಕೈಗೆ ಸಿಕ್ಕಿದ್ದು ನಮ್ಮದೇ ಪೆಟ್ಟಿಗೆ, ಮಗ್ನರ್ ಕೆಂಪು ಬಣ್ಣ ಹಚ್ಚಿದ್ದು. ತಡವ್ತಾ ತಡವ್ತಾ ಏಳೂ ಎಣಿಸಿದೆ. ಪೆಟ್ಟಿಗೆ ಬಿಟ್ಟು ಬೇರೇನೂ ಕೈಗೆ ಸಿಗದಿರಲಿ ದೇವರೇ ಅಂತ ಎಣಿಸಿದೆ. ಮನೆಗೆ ಬಂದ ಮೇಲೆ ಭಾನುವಾರ, ಭಾನುವಾರ, ಮಕ್ಕಳಿಗೆ ರಜೆ ಅಂತ ಹೇಳಿಕೊಂಡೇ ಮಲಗಿದೆ. ಬೆಳಿಗ್ಗೆ ಎಲ್ಲರೂ ನಿನ್ನ ಹೆಸರು ಹೇಳಿದ್ರು. ನಾನು ಹೂಂ ಅಂದೆ. ಹೂಂ ಅನ್ನದಿದ್ರೆ ನನ್ನ ಗಾಡಿ ಬಿಡಿಸ್ತಾರೆ, ನಾನು ಹೋಗದಿದ್ರೆ ಮಗ್ನರ್ ಬಾಯಿ ತೆರೆಯಲ್ವಲ್ಲ, ಏನು ಮಾಡಲಿ ಹೇಳು.

ಬೈದುಬಿಡು. ನಿನಗೆ ಬೈಯೋ ಹಕ್ಕಿದೆ.

ಎಲ್ಲಿ ಹೊರಟೆ? ಬಾಗಿಲ ಹತ್ರ ಯಾಕೆ... ಅದು ಕೊಕ್ಕೆಯಿಂದ ಕಾರಿನ ಕೀ ತೆಗೆದ ಸದ್ದು. ನನ್ನ ಕಿವಿ ಚೆನ್ನಾಗಿದೆ ಔದುನ್. ತಗೋ. ತಗೊಂಡು ಹೋಗು. ನಾನು ತಡೆಯಲ್ಲ. ನಾನೇ ಕೊಡಬೇಕಿತ್ತು, ಆ ಭಾನುವಾರವೇ. ಅಂಗಡೀಲೂ ನಾನೇ ಹೇಳ್ತೀನಿ, ಔದುನ್ ಗಾಡಿ ಅಲ್ಲ ಅಂತ. ಇಷ್ಟೇ ಒಂದು... ಇವತ್ತು ಬುಧವಾರ, ಗಂಜಿ ದಿನ, ಅವನಿಗೆ ಇಷ್ಟ. ಬಿಸಿಯಾಗಿ ಡಬ್ಬೀಲಿ ಹಾಕಿಟ್ಟಿದ್ದೀನಿ. ಯಾರಾದರೂ ಆ ದಡಕ್ಕೆ ಹೋಗೋರಿದ್ರೆ...

ಇದೇನು, ನನ್ನ ಕೋಟು ಯಾಕೆ ತಂದೆ?

ಎರಡೂ ತೋಳಾ. ಹೂಂ. ಬೂಟು ಅಲ್ಲೇ ಇದೆ, ನಾನು ಹಾಕ್ಕೊಳ್ತೀನಿ. ಡಬ್ಬಿ ತಗೊಂಡ್ಯಾ? ಗಂಟೆ ಎಷ್ಟು? ಹಾಗಾದ್ರೆ ಸಿಗುತ್ತೆ. ಅಯ್ಯೋ, ಅಭ್ಯಾಸ ನೋಡು, ಓಡಿಸೋನು ನೀನು, ನಾನು ಸ್ಟೀರಿಂಗ್ ಕಡೆಗೇ ಬಂದು ನಿಂತೆ. ಈ ಕಡೆ ಬಾಗಿಲು ತೆರೆದವಳೇ ಅಲ್ಲ ನಾನು, ಹಿಡಿ ಎಲ್ಲಿದೆ ಇದರದ್ದು?

ಔದುನ್, ಆ ಪೆಟ್ಟಿಗೆಗಳ ಹತ್ರ ಬಂದಾಗ ನಿಲ್ಲಿಸಬೇಡ. ಬಂತು ಅಂತ ಹೇಳು, ಅಷ್ಟು ಸಾಕು.