ಹೆತೆಪ್‌ನೇತ್ ರಾಣಿಯ ಎಡೆ

ದೀಪದ ಹತ್ತಿರ ಸರಿದು ಕೂತ್ಕೊಳ್ಳಿ. ಇದು ಕಟ್ಟುಕತೆ ಅಲ್ಲ, ನಮ್ಮ ಸೋದರತ್ತೆ ಮಗ ಸಬುಗೆ ಆದದ್ದು. ಅವನ ಬಾಯಿಂದಲೇ ಕೇಳಿದ್ದೀನಿ.

ಹೆತೆಪ್‌ನೇತ್ ಅಂತ ಒಬ್ಬ ರಾಣಿ. ರಾಜನ ಮೂರನೇ ಹೆಂಡತಿ, ಅರಮನೆ ಆಚೆ ಯಾರಿಗೂ ಹೆಸರು ಗೊತ್ತಿರಲಿಲ್ಲ. ಆದ್ರೂ ಸಾಯುವಾಗ ಇಪ್ಪತ್ತೊಂದು ಆಳುಗಳನ್ನ ಜೊತೆಗೆ ಎಳ್ಕೊಂಡು ಹೋದಳು. ಅದರಲ್ಲಿ ಸಬುವಿನ ಮಗಳು ಇಪಿಯೂ ಒಬ್ಬಳು. ರಾಣಿಯ ತಲೆ ಬಾಚೋ ಹುಡುಗಿ, ಹದಿನಾಲ್ಕು ವರ್ಷ. ಕುತ್ತಿಗೆ ಹಿಸುಕಿ, ರಾಣಿ ಗೋರಿಯ ಪಕ್ಕದ ಇಟ್ಟಿಗೆ ಗೂಡಲ್ಲಿ ಮಡಚಿ ಇಟ್ಟರು. ಮೇಲೊಂದು ಹೆಸರಿನ ಕಲ್ಲು. ‘ಪುಣ್ಯ ಮಾಡಿದ್ದಳು’ ಅಂದ್ರು ಅರಮನೆಯವರು. ಥೂ.

ಆಮೇಲೆ ಸಬುಗೆ ಕೊಟ್ಟ ಕೆಲಸ ಏನು ಗೊತ್ತಾ? ಆ ಗೋರಿಗೆ ಎಡೆ ಹೊರೋದು. ಹತ್ತು ದಿನಕ್ಕೊಮ್ಮೆ ರೊಟ್ಟಿ, ಬಾತುಕೋಳಿ, ಬಾರ್ಲಿ ಹೆಂಡ. ರಾಣಿ ಉಂಡು ಬಿಟ್ಟದ್ದನ್ನ ನಾವು ಊರೋರು ಹಂಚ್ಕೊಂಡು ತಿನ್ನೋದು ಪದ್ಧತಿ. ನೊಣ ಮುತ್ತಿದ ಕೊಬ್ಬು... ನಾನೂ ತಿಂದಿದ್ದೀನಿ.

ಆಳುಗಳಿಗೆ ಬೇರೆ ಎಡೆ ಇಲ್ಲ. ಯಜಮಾನಿ ತಟ್ಟೆಯಿಂದಲೇ ಅವರಿಗೂ ಸಿಗುತ್ತಂತೆ. ಹೆತ್ತ ಕರುಳು ಕೇಳುತ್ತಾ? ಒಂದು ಸಂಜೆ ಸಬು ರೊಟ್ಟೀನ ಮೊದಲು ಮಗಳ ಕಲ್ಲಿನ ಮುಂದಿಟ್ಟ. "ತಿನ್ನವ್ವ" ಅಂದ. ಸ್ವಲ್ಪ ಹೊತ್ತು ಕಾದ. ಆಮೇಲೆ ಅದನ್ನೇ ಎತ್ತಿ ರಾಣಿ ಗೋರಿ ಮುಂದಿನ ಎಡೆ ಚಾಪೆ ಮೇಲಿಟ್ಟ. ಬೇರೆ ರೊಟ್ಟಿ ಇರಲಿಲ್ಲ... ರಾಣಿಗೆ ಆಳಿನ ಎಂಜಲು ಬಡಿಸಿದ ಹಾಗಾಯ್ತು.

ವಾಪಸ್ ಬರ್ತಾ ಮರಳುಗಾಡಿನ ಅಂಚಿನ ಅತ್ತಿಮರದ ಹತ್ತಿರ ಕತ್ತಲಾಯ್ತು. ಬೆನ್ನ ಹಿಂದೆ ಸದ್ದು. ಚಪ್... ಚಪ್... ಬೊಚ್ಚು ಬಾಯಿ ಹಸಿ ಹಿಟ್ಟು ಅಗಿಯೋ ಹಾಗೆ. ಆಮೇಲೆ ‘ವ್ವಾಕ್’. ಅವನ ಪಾದದ ಮೇಲೆ ಬೆಚ್ಚಗೆ ಏನೋ ಬಿತ್ತು. ಅಗಿದ ರೊಟ್ಟಿ, ಲೋಳೆ, ಹಳಸಿದ ಕೊಬ್ಬಿನ ನಾತ.

"ಇದನ್ನ ಮೊದಲು ನಿನಗಿಟ್ಟಿದ್ನಾ?" ಅಂತು ಒಂದು ಹೆಣ್ಣು ದನಿ, ಕಿವಿ ಪಕ್ಕದಲ್ಲೇ.

"ನಾನು ಮುಟ್ಟಿಲ್ಲ ಅಮ್ಮಾವ್ರೇ." ಇಪಿಯ ದನಿ.

ಸಬುಗೆ ಹೆದರಿಕೆಗಿಂತ ಹೇಸಿಗೆ ಆಯ್ತಂತೆ. ತಿರುಗದೇ ಪಿಸುಗುಟ್ಟಿದ, "ತಿನ್ನಲಿಲ್ವೇನೇ ಮಗಾ?"

"ಇಲ್ಲಪ್ಪ... ಅಮ್ಮಾವ್ರ ಊಟ ಮುಗೀಲಿ."

"ಯಾವಾಗ ಮುಗಿಯುತ್ತೆ?"

ಸರ್... ಸರ್... ಬಾಚಣಿಗೆ ಎಳೆಯೋ ಸದ್ದು ಮಾತ್ರ.

ಮಾರನೇ ದಿನವೇ ಅವನು ಆ ಕೆಲಸ ಬಿಟ್ಟ, ರಾಣಿ ಎಡೆ ಹೊರೋಕೆ ಬೇರೊಬ್ಬ ಬಂದ. ಈಗ ಮನೇಲಿ ರೊಟ್ಟಿ ಸುಟ್ಟು ತಗೊಂಡು ಹೋಗಿ ಮಗಳ ಕಲ್ಲಿನ ಮುಂದೆ ಮಾತ್ರ ಇಡ್ತಾನೆ. ರಾಣಿ ಚಾಪೆಗೆ ನೊಣ ಮುತ್ತುತ್ತೆ, ನರಿ ಬರುತ್ತೆ, ನಮ್ಮೋರೂ ನಾಚಿಕೆ ಬಿಟ್ಟು ಹಂಚ್ಕೊಳ್ತಾರೆ. ಮೂರೇ ಮೊಳ ಆಚೆಗೆ ಇಪಿಯ ರೊಟ್ಟಿಗಳು... ಆರು ತಿಂಗಳಿಂದ ಇಟ್ಟಿದ್ದು ಇಟ್ಟ ಹಾಗೇ ಸಾಲಾಗಿ ಕೂತಿವೆ. ಒಂದು ಇರುವೆಯೂ ಮುಟ್ಟಿಲ್ಲ. ನಂಬೋದಾದ್ರೆ ನಂಬಿ, ನಾನೇ ಹೋಗಿ ನೋಡಿದ್ದೀನಿ. ಎಲ್ಲಕ್ಕಿಂತ ಹಳೇದನ್ನ ಕೈಗೆತ್ತಿಕೊಂಡೆ. ಇನ್ನೂ ಬಿಸಿ ಇತ್ತು.