ವಾಟ ತಪ್ಪಿದ ಬಚ್ಚಲು

ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ನಡುವೆ ಯಾರಾದರೂ ಕಿಸಕ್ ಅಂದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ, ಆಮೇಲೆ ಕಾಲು ಹಿಡಿದರೂ ಮುಂದೆ ಹೇಳುವುದಿಲ್ಲ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ದೊಡ್ಡಪ್ಪನ ಮಗನಿಗೆ ಆದದ್ದು. ಆಸ್ಪತ್ರೆಯಲ್ಲಿ ಮಲಗಿಕೊಂಡು ಅವನೇ ನನಗೆ ಹೇಳಿದ್ದು... ಅದೂ ಬಾಗಿಲು ಹಾಕಿಸಿ, ಪಿಸುಗುಟ್ಟಿಕೊಂಡು.

ಅವನು ಜಮೀನು ಅಳೆಯುವ ಇಲಾಖೆಯಲ್ಲಿದ್ದ. ನೆಂಟರ ಬಳಗದಲ್ಲೆಲ್ಲ ಅವನಿಗೆ ರಸಮಟ್ಟ ಅಂತಲೇ ಹೆಸರು. ರಸಮಟ್ಟ ಗೊತ್ತಲ್ಲ? ನೆಲ ಮಟ್ಟವಾಗಿದೆಯೋ ಇಲ್ಲವೋ ಅಂತ ಗಾರೆ ಕೆಲಸದವರು ಇಟ್ಟು ನೋಡುವ ಪಟ್ಟಿ. ನಡುವಿನ ಗಾಜಿನ ಕೊಳವೆಯಲ್ಲಿ ಒಂದು ಗುಳ್ಳೆ ಓಡಾಡುತ್ತದೆ. ಗುಳ್ಳೆ ನಡುವೆ ನಿಂತರೆ ನೆಲ ಸರಿ. ಇವನು ಅದನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗುವ ಆಸಾಮಿ. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಮೇಲಿನ ಫೋಟೊ ನೇರ ಮಾಡಿ, ಆಮೇಲೆ ಚೆನ್ನಾಗಿದ್ದೀರಾ ಅಂತ ಕೇಳುವವನು.

ಆವತ್ತು ಕೆಲಸ ಮುಗಿಸಿ, ಬಿಳಿ ಸಿಮೆಂಟಿನ ಚೀಲ ಹೆಗಲ ಮೇಲೆ ಹೊತ್ತು ಮನೆಗೆ ನಡೆದು ಬರುತ್ತಿದ್ದ. ರಾತ್ರಿ ಎಂಟೂವರೆ ಇರಬೇಕು. ಅವರ ಬೀದಿ ತಿರುಗುವಲ್ಲಿ ಒಂದು ಹಳೇ ಬಾವಿ. ಮೇಲೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದು ವರ್ಷಗಳೇ ಆಗಿವೆ. ಅದರ ಪಕ್ಕಕ್ಕೆ ಬಂದಾಗ... ಸರ್... ಸರ್... ಸರ್... ಒದ್ದೆ ನೆಲದ ಮೇಲೆ ಕಡ್ಡಿ ಪೊರಕೆ ಎಳೆದ ಸದ್ದು. ಯಾರೋ ಅಂಗಳ ತೊಳೆಯುತ್ತಿದ್ದಾರೆ ಅಂದುಕೊಂಡ.

"ರೀ..."

ಹೆಂಗಸಿನ ದನಿ. ತೀರ ಮೆತ್ತಗೆ.

"ಯಾರು?"

"ಯಾರಿಗೆ ಅದು, ಸಿಮೆಂಟು?"

ಇವನಿಗೆ ದಣಿವು. ಯಾರೋ ಅಕ್ಕಪಕ್ಕದವರು ಅಂತ ಬಾಯಿಗೆ ಬಂದದ್ದು ಹೇಳಿಬಿಟ್ಟ. "ನಮ್ಮ ಮನೆಯವಳು ಕೇಳಿದ್ಲು. ಬಚ್ಚಲು ಹೊಸದು ಮಾಡೋಕೆ."

"ಹೌದಾ... ಯಾವಾಗ ಕೇಳಿದ್ಲು?"

"ಮೊನ್ನೆ."

ಪೊರಕೆ ನಿಂತಿತು. ಆಮೇಲೆ ಬಾವಿಯ ಒಳಗೆ, ತುಂಬ ಕೆಳಗೆ, ಗುಳುಂ ಅಂತ ಒಂದೇ ಸದ್ದು.

ಹತ್ತು ಹೆಜ್ಜೆ ಹೋದ ಮೇಲೆ ಅವನಿಗೆ ಹೊಳೆಯಿತು, ಬಾವಿಯ ಸುತ್ತ ಅಂಗಳವಿರುವ ಮನೆಯೇ ಇಲ್ಲ. ಒಂದು ಕಡೆ ಗೋಡೌನು, ಇನ್ನೊಂದು ಕಡೆ ಖಾಲಿ ಸೈಟು. ಆ "ರೀ" ಅನ್ನುವ ದನಿಯೂ ಹೊಸದಲ್ಲ. ಹಿಂದೆ ತಿರುಗಿ ನೋಡದೆ ಮನೆ ಸೇರಿಕೊಂಡ.

ಈಗ ಆ ದನಿಯ ವಿಷಯ ಹೇಳಬೇಕು. ಹೇಳುವಾಗ ನನಗೆ ಸಿಟ್ಟು ಬಂದರೆ ಸಹಿಸಿಕೊಳ್ಳಿ.

ಅವನ ಮೊದಲ ಹೆಂಡತಿ, ನನ್ನ ದೊಡ್ಡತ್ತಿಗೆ. ಆ ಅತ್ತಿಗೆ ಅಂದರೆ ನನಗೆ ಪ್ರಾಣ. ಮನೆ ಕಟ್ಟಿಸುವಾಗ ಬಚ್ಚಲ ನೆಲಕ್ಕೆ ವಾಟ ಕೊಡಬೇಕು, ಅಂದರೆ ನೀರು ತಾನಾಗಿ ತೂಬಿನ ಕಡೆ ಹರಿಯುವ ಹಾಗೆ ಸಣ್ಣ ಇಳಿಜಾರು ಬಿಡಬೇಕು. ಗಾರೆ ಮೇಸ್ತ್ರಿ ಬಿಟ್ಟಿದ್ದ. ನಮ್ಮ ರಸಮಟ್ಟ ಒಪ್ಪಬೇಕಲ್ಲ! ನೆಲ ಒಂದು ಕಡೆ ವಾಲಿದರೆ ಅವನಿಗೆ ನಿದ್ದೆ ಬರುವುದಿಲ್ಲ. ಮೇಸ್ತ್ರಿಯ ಮೇಲೆ ರೇಗಿ, ಗುಳ್ಳೆ ನಟ್ಟನಡುವೆ ನಿಲ್ಲುವ ತನಕ ಮಟ್ಟ ಮಾಡಿಸಿದ. ಊರಿಗೆಲ್ಲ ಮೀಸೆ ತಿರುವಿಕೊಂಡು ತೋರಿಸಿದ. ಬಚ್ಚಲಲ್ಲಿ ನೀರು ಸುರಿದರೆ ಸುರಿದ ಕಡೆಯೇ ನಿಲ್ಲುತ್ತಿತ್ತು. ಪಾಚಿ ಕಟ್ಟುತ್ತಿತ್ತು.

ಹನ್ನೊಂದು ವರ್ಷ ಅತ್ತಿಗೆ ದಿನಕ್ಕೆ ಮೂರು ಸಲ ಆ ನೀರನ್ನು ಪೊರಕೆಯಿಂದ ತೂಬಿಗೆ ನೂಕಿದಳು. "ರೀ, ಕಾಲು ಜಾರುತ್ತೆ ರೀ, ಸ್ವಲ್ಪ ವಾಟ ಕೊಡಿಸಿ" ಅಂದಾಗಲೆಲ್ಲ ಇವನು ರಸಮಟ್ಟ ತಂದು ನೆಲದ ಮೇಲೆ ಇಡುತ್ತಿದ್ದ. "ನೋಡು, ಗುಳ್ಳೆ ನಡುವೆ ಇದೆ. ತಪ್ಪು ನೆಲದ್ದಲ್ಲ, ನೀನು ನೀರು ಸುರಿಯೋ ರೀತಿದು" ಅನ್ನುತ್ತಿದ್ದ. ನನ್ನ ಎದುರಿಗೇ ಅಂದಿದ್ದಾನೆ. ಅತ್ತಿಗೆ ನಕ್ಕು ಮತ್ತೆ ಪೊರಕೆ ಹಿಡಿದಿದ್ದಳು. ಆ ನಗುವನ್ನು ನಾನು ಇನ್ನೂ ಮರೆತಿಲ್ಲ.

ಒಂದು ದಿನ ಬೆಳಿಗ್ಗೆ ಅತ್ತಿಗೆ ಬಚ್ಚಲಲ್ಲೇ ಹೋಗಿಬಿಟ್ಟಳು. ಎದೆ ಹಿಡಿದುಕೊಂಡು ಬಿದ್ದಳು, ಹೃದಯ ನಿಂತುಹೋಯಿತು ಅಂತ ಇವನು ಎಲ್ಲರಿಗೂ ಹೇಳಿದ. ನಾವೂ ನಂಬಿದೆವು.

ಎರಡು ವರ್ಷ ಒಬ್ಬನೇ ಇದ್ದ. ಖಾಲಿ ಮನೆಗೆ ಬೀಗ ತೆಗೆದು ಒಳಗೆ ಹೋಗುವುದೆಂದರೆ ಅವನಿಗೆ ಅಳು ಬರುತ್ತಿತ್ತಂತೆ. ಆಮೇಲೆ ಇನ್ನೊಂದು ಮದುವೆಯಾಯಿತು. ಚಿಕ್ಕತ್ತಿಗೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಮಾತು ಕಡಿಮೆ, ಕಣ್ಣು ಚುರುಕು. ಮದುವೆಗೆ ಮುಂಚೆ ಒಂದೇ ಮಾತು ಕೇಳಿದ್ದಳು. "ನಿಮ್ಮ ಸಿಟ್ಟು ಸಿಡುಕು ಏನಿದ್ರೂ ತಡ್ಕೋತೀನಿ. ಸುಳ್ಳು ಮಾತ್ರ ಹೇಳ್ಬೇಡಿ. ಸುಳ್ಳು ಗೊತ್ತಾದ ದಿನ ನಾನು ಇರಲ್ಲ." ಇವನು ತಲೆ ಆಡಿಸಿದ್ದ. ಅವಳು ಹೋಗಿಬಿಟ್ಟರೆ ಮತ್ತೆ ಆ ಖಾಲಿ ಮನೆ, ಅದೇ ಬೀಗ. ಅವನಿಗೆ ಬೇರೆ ಯಾವ ಭಯವೂ ಇರಲಿಲ್ಲ.

ಅದಕ್ಕೇ ಅವಳು ಬಂದ ವಾರದಲ್ಲೇ "ಈ ಬಚ್ಚಲು ಸರಿ ಮಾಡಿಸಿ ರೀ, ನೀರು ನಿಲ್ಲುತ್ತೆ" ಅಂದಾಗ ಇವನು ರಸಮಟ್ಟ ಹುಡುಕಲಿಲ್ಲ. "ಆಯ್ತಮ್ಮ, ಈ ವಾರಾನೇ ಶುರು" ಅಂದ. ರಜೆ ಹಾಕಿದ. ಮೇಸ್ತ್ರಿಯನ್ನು ಕರೆಸಿ, ತಾನೇ ಸುತ್ತಿಗೆ ಹಿಡಿದು ಹಳೇ ಟೈಲ್ಸ್ ಒಡೆಯಲು ಕೂತ. ಹನ್ನೊಂದು ವರ್ಷ ಕೇಳಿದವಳಿಗೆ ಆಗದ ಕೆಲಸ, ಒಂದು ಸಲ ಕೇಳಿದವಳಿಗೆ ಆಯಿತು. ಇದನ್ನು ಯಾವ ಹೆಂಗಸು ತಾನೆ ಸಹಿಸುತ್ತಾಳೆ, ಸತ್ತಿದ್ದರೂ?

ಕೆಲಸವೇನೋ ಚೆನ್ನಾಗೇ ನಡೆಯಿತು. ಮೇಸ್ತ್ರಿ ಬಾಗಿಲಿಂದ ತೂಬಿನ ತನಕ ದಾರ ಎಳೆದು ಒಂದೂವರೆ ಇಂಚು ವಾಟ ಕೊಟ್ಟ. ಟೈಲ್ಸ್ ಕೂರಿಸಿ ಒಂದು ಚೊಂಬು ನೀರು ಹಾಕಿದ. ಸೊರ್ರ್ ಅಂತ ತೂಬಿಗೆ ಹೋಯಿತು. ಇಬ್ಬರೂ ಕಣ್ಣಾರೆ ನೋಡಿದರು.

ಮಾರನೇ ಬೆಳಿಗ್ಗೆ ಇವನು ಒಂದು ಬಕೆಟ್ ಸುರಿದ. ನೀರು ಅಲ್ಲೇ ನಿಂತಿತು. ರಸಮಟ್ಟ ಇಟ್ಟು ನೋಡಿದ... ಗುಳ್ಳೆ ನಟ್ಟನಡುವೆ.

ಒಡೆದು ಮತ್ತೆ ಹಾಕಿದರು. ಮತ್ತೆ ಗುಳ್ಳೆ ನಡುವೆ. ಮೂರನೇ ಸಲ ಎರಡೂವರೆ ಇಂಚು ಇಳಿಸಿದರು, ನಿಂತರೆ ಮನುಷ್ಯನೇ ಜಾರಬೇಕು, ಅಷ್ಟು. ಬೆಳಿಗ್ಗೆ ನೋಡಿದರೆ ನೆಲ ಕನ್ನಡಿಯ ಹಾಗೆ ಮಟ್ಟ. ಮೇಸ್ತ್ರಿ ಟೈಲ್ಸಿನ ಮೇಲೆ ಬೆರಳ ಗೆಣ್ಣಿನಿಂದ ಬಡಿದ. ಟಕ್, ಟಕ್, ಟಕ್... ತೂಬಿನ ಪಕ್ಕದ ಟೈಲಿಗೆ ಬಂದಾಗ ಡೊಬ್ ಅಂದಿತು. ಇನ್ನೊಮ್ಮೆ ಬಡಿದ. ಒಳಗಿಂದ ಯಾರೋ ತಿರುಗಿ ಬಡಿದರು. ಡೊಬ್.

ಮುದುಕ ಮೇಸ್ತ್ರಿ ತನ್ನ ಕರಣೆ, ಬಾಂಡ್ಲಿ ಎಲ್ಲ ಚೀಲಕ್ಕೆ ತುಂಬಿಕೊಂಡ.

"ಸಾರ್, ಈ ನೆಲ ನಿಮ್ ಜೊತೆ ಜಗಳ ಆಡ್ತಾ ಇದೆ. ಅದರಲ್ಲಿ ನನಗೇನು ಕೆಲಸ?"

"ಏನ್ ಮಾತು ಅಂತ ಆಡ್ತೀಯಪ್ಪ?"

"ಏನಿದ್ಯೋ ಅದನ್ನ ಒಪ್ಕೊಂಡ್ಬಿಡಿ" ಅಂದು ಹೊರಟೇಬಿಟ್ಟ.

ಆದರೆ ವಿಚಿತ್ರ ಇಷ್ಟಕ್ಕೇ ಮುಗಿಯಲಿಲ್ಲ. ಸಂಜೆ ಚಿಕ್ಕತ್ತಿಗೆ ಸ್ನಾನ ಮಾಡಿ ಹೊರಗೆ ಬಂದು, "ಚೆನ್ನಾಗಿ ಆಗಿದೆ ರೀ, ಒಂದು ಹನಿ ನಿಲ್ಲಲ್ಲ" ಅಂದಳು. ಇವನು ತಮಾಷೆ ಅಂದುಕೊಂಡ. ಕೈ ಹಿಡಿದು ಕರೆದುಕೊಂಡು ಹೋಗಿ ಅವಳ ಎದುರಿಗೇ ಒಂದು ಚೊಂಬು ಸುರಿದ. ನೀರು ತೂಬಿಗೆ ಬೆನ್ನು ಹಾಕಿ ನಿಧಾನಕ್ಕೆ ಅವನ ಪಾದದ ಸುತ್ತ ಬಂದು ನಿಂತಿತು. ಅವಳು ಅದೇ ಚೊಂಬು ಇಸಿದುಕೊಂಡು, ಅದೇ ಜಾಗದಲ್ಲಿ ಸುರಿದಳು. ಸೊರ್ರ್... ನೇರ ತೂಬಿಗೆ.

ಚಿಕ್ಕತ್ತಿಗೆ ಚೊಂಬು ಕೆಳಗಿಟ್ಟಳು. ದನಿ ತಗ್ಗಿಸಿ ಕೇಳಿದಳು, "ಅಕ್ಕ ಈ ಬಚ್ಚಲ ವಿಷಯ ನಿಮ್ ಹತ್ರ ಏನಾದ್ರೂ ಕೇಳಿದ್ರಾ?"

"ಇಲ್ಲ."

"ಅವರು ಹೋಗಿದ್ದು ಎದೆನೋವಿಂದಾನೇ ತಾನೆ?"

"ಹೂಂ ಅಂದ್ನಲ್ಲ! ಎಷ್ಟ್ ಸಲ ಹೇಳ್ಬೇಕು?"

ತೂಬಿನೊಳಗೆ ಗುಳುಂ ಅಂತ ಸದ್ದಾಯಿತಂತೆ.

ಅದಾದ ಭಾನುವಾರ. ಹಟ್ಟಹಗಲು, ಹತ್ತು ಗಂಟೆ. ಚಿಕ್ಕತ್ತಿಗೆ ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಇವನು ಸ್ನಾನಕ್ಕೆ ಹೋಗಿ ನಲ್ಲಿ ತಿರುಗಿಸಿದ. ಒಂದು ಹೆಜ್ಜೆ ಇಟ್ಟ, ಅಷ್ಟೇ. ಕಾಲು ಜಾರಿತು. ಸೊಂಟದ ಹತ್ತಿರ ಚಟಕ್ ಅಂತ ಸದ್ದು, ಒಣ ಕಟ್ಟಿಗೆ ಮುರಿದ ಹಾಗೆ. ಕೆನ್ನೆ ನೆಲಕ್ಕೆ ಅಂಟಿತು. ಏಳಲು ಹೋದರೆ ಕಣ್ಣು ಕತ್ತಲೆ. ನಲ್ಲಿ ಮೇಲೆ ಸುರಿಯುತ್ತಲೇ ಇತ್ತು. ತೂಬು ಇದ್ದದ್ದು ಎರಡು ಗೇಣು ದೂರದಲ್ಲಿ, ಆದರೆ ಒಂದು ಹನಿಯನ್ನೂ ಒಳಗೆ ತೆಗೆದುಕೊಳ್ಳಲಿಲ್ಲ.

"ಬಾರೇ... ಬಿದ್ಬಿಟ್ಟೆ... ಬಾರೇ!"

ಬಾಗಿಲ ಆಚೆಯಿಂದ ಉತ್ತರ ಬಂತು. "ಬಂದೆ..."

ಯಾರೂ ಬರಲಿಲ್ಲ.

"ಬೇಗ ಬಾರೇ!"

"ಬಂದೆ ರೀ..."

ಆಗ ಗೊತ್ತಾಯಿತು ಅವನಿಗೆ, ಅದು ಯಾರ ದನಿ ಅಂತ. ನೀರು ಕಿವಿಗೆ ಬಂತು. ತುಟಿಯ ಅಂಚಿಗೆ ಬಂತು. ಬೆನ್ನ ಹಿಂದೆ, ಬಚ್ಚಲ ಒಳಗೇ, ಸರ್... ಸರ್... ಸರ್... ಶುರುವಾಯಿತು. ಪೊರಕೆ ಕಾಣಲಿಲ್ಲ. ನೀರು ಮಾತ್ರ ಒಂದೊಂದು ಎಳೆತಕ್ಕೂ ಅಲೆಯಾಗಿ ಎದ್ದು ಅವನ ಮೂಗು ಬಾಯಿಗೆ ನುಗ್ಗುತ್ತಿತ್ತು. ಉಸಿರು ಎಳೆಯುವಷ್ಟರಲ್ಲಿ ಮತ್ತೆ ಸರ್... ಬೆರಳುದ್ದದ ನೀರಿನಲ್ಲಿ ಗಂಡಾಳೊಬ್ಬ ಮುಳುಗಿ ಸಾಯುವುದರಲ್ಲಿದ್ದ. ಕಿವಿಯ ಹತ್ತಿರವೇ ಬಗ್ಗಿ ಕೇಳಿದ ಹಾಗಾಯಿತಂತೆ...

"ಗುಳ್ಳೆ ನಡುವೆ ಇದೆಯಾ ರೀ?"

ಎರಡು ವರ್ಷದಿಂದ ಮುಚ್ಚಿಟ್ಟಿದ್ದದ್ದು ಆಗ ಹೊರಗೆ ಬಂತು. ಕಿರುಚಿದ ಅವನು. "ಎದೆನೋವಲ್ಲ! ಜಾರಿ ಬಿದ್ಲು! ನೆಲದ ತಪ್ಪು, ನನ್ ತಪ್ಪು! ನನ್ನ ಕರೆದ್ಲು... ಬಂದೆ ಅಂದೆ, ಹೋಗ್ಲಿಲ್ಲ! ನಕ್ಷೆ ಬರೀತಾ ಕೂತಿದ್ದೆ... ಇಪ್ಪತ್ತು ನಿಮಿಷ ಆದ್ಮೇಲೆ ಹೋದೆ... ಆಗ್ಲೇ ಹೋಗ್ಬಿಟ್ಟಿದ್ಲು!"

ಗೊಳಗೊಳಗೊಳ... ಗಟಕ್. ಅಷ್ಟೂ ನೀರು ಒಂದೇ ಗುಟುಕಿಗೆ ತೂಬಿಗೆ ಇಳಿಯಿತು. ಪೊರಕೆ ನಿಂತಿತು.

ಕಣ್ಣು ತೆರೆದರೆ ಬಾಗಿಲು ತೆರೆದಿದೆ. ಚಿಕ್ಕತ್ತಿಗೆ ನಿಂತಿದ್ದಾಳೆ, ಕೈಯಲ್ಲಿ ಈರುಳ್ಳಿ ಚಾಕು ಹಾಗೇ ಇದೆ. ಇವನು ಅಷ್ಟು ಹೊತ್ತು ಕೂಗಿದ್ದು ಅವಳಿಗೆ ಒಂದೂ ಕೇಳಿಸಿರಲಿಲ್ಲ. ಕೊನೆಯ ಮಾತು ಮಾತ್ರ ಪೂರ್ತಿ ಕೇಳಿಸಿತ್ತು.

"ಇಪ್ಪತ್ತು ನಿಮಿಷ" ಅಂದಳು. ಅಷ್ಟೇ ಅಂದದ್ದು.

ಒಳ್ಳೆಯ ಹೆಂಗಸು ಕಣ್ರೀ ಅವಳು. ನಲ್ಲಿ ನಿಲ್ಲಿಸಿದಳು, ತಲೆ ಕೆಳಗೆ ಟವಲು ಇಟ್ಟಳು, ಆಂಬುಲೆನ್ಸ್ ಕರೆಸಿದಳು. ಆಸ್ಪತ್ರೆಯಲ್ಲಿ ಸಹಿ ಹಾಕಬೇಕಾದ ಕಡೆಯೆಲ್ಲ ಸಹಿ ಹಾಕಿದಳು. ನನಗೆ ಫೋನ್ ಮಾಡಿ, "ಬನ್ನಿ, ನಿಮ್ ಅಣ್ಣನ್ನ ನೋಡ್ಕೊಳ್ಳಿ" ಅಂದಳು. ನಾನು ಹೋಗುವಷ್ಟರಲ್ಲಿ ಅವಳು ಮೆಟ್ಟಿಲು ಇಳಿಯುತ್ತಿದ್ದಳು. ಎಲ್ಲಿಗೆ ಅತ್ತಿಗೆ ಅಂದೆ. ನಿಲ್ಲಲಿಲ್ಲ. ಇವನು ಮೇಲಿಂದ ಅವಳನ್ನು ಕೂಗುತ್ತಲೇ ಇದ್ದ. ಅವಳು ಮತ್ತೆ ಆ ಮನೆಗೆ ಕಾಲಿಡಲಿಲ್ಲ, ಬಟ್ಟೆಬರೆಗೂ ಯಾರನ್ನೋ ಕಳಿಸಿದಳು. ಇವನ ಮೂಳೆ ಕೂಡಿತು, ಆದರೆ ಒಂದು ಕಾಲು ಒಂದೂವರೆ ಇಂಚು ಗಿಡ್ಡ. ನೆಲಕ್ಕೆ ಕೊಡದ ವಾಟ ಈಗ ಅವನ ನಡಿಗೆಯಲ್ಲಿದೆ. ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ.

ಇಷ್ಟಾದರೂ ನಿಮ್ಮಲ್ಲಿ ಒಬ್ಬರಾದರೂ ಅನ್ನುತ್ತೀರಿ, ಬಿದ್ದ ನೋವಿಗೆ ಅವನ ತಲೆ ಕೆಟ್ಟಿತ್ತು, ಏನೇನೋ ಕೇಳಿಸಿರಬೇಕು ಅಂತ. ಅನ್ನಿ. ಆದರೆ ಆವತ್ತು ಆಸ್ಪತ್ರೆ ಸ್ಟಾಪಿನಿಂದ ಚಿಕ್ಕತ್ತಿಗೆ ಹತ್ತಿದ ಬಸ್ಸಿಗೆ ನಮ್ಮ ಭಾವನೇ ಕಂಡಕ್ಟರ್. ನನ್ನ ಸ್ವಂತ ಅಕ್ಕನ ಗಂಡ. ಬಿದ್ದ ವಿಷಯ ಅವನಿಗೆ ಆಗ ಏನೂ ಗೊತ್ತಿರಲಿಲ್ಲ. ಚಿಕ್ಕತ್ತಿಗೆ ಕಿಟಕಿ ಪಕ್ಕದ ಸೀಟು ಬಿಟ್ಟು ಈಚೆ ಕೂತು, "ಎರಡು ಕೊಡಿ ಅಣ್ಣ, ಕೊನೇ ಸ್ಟಾಪು" ಅಂದಳಂತೆ. ಭಾವ ಎರಡು ಟಿಕೆಟ್ ಹರಿದು ಕೊಟ್ಟ.

ಒಬ್ಬಳೇ ಇದ್ದಳಲ್ಲ ಭಾವ, ಎರಡು ಯಾಕೆ ಕೊಟ್ಟೆ ಅಂತ ನಾನು ಎಷ್ಟೋ ಸಲ ಕೇಳಿದ್ದೇನೆ. ನೀವೂ ಕೇಳಿ, ಬೇಕಾದರೆ ಈಗಲೇ ಫೋನ್ ಮಾಡಿಕೊಡುತ್ತೇನೆ. ಅವನು ಹೇಳುವುದು ಒಂದೇ ಮಾತು.

"ಇಬ್ರೂ ಕೂತಿದ್ರು ಕಣೋ. ಅದಕ್ಕೇ ಕೊಟ್ಟೆ."